ನೀರು ಬಂತು ಎಂಬ ಮೆಸೇಜು

ನಲ್ಲಿಯ ಮುಂದೆ ಕೊಡಗಳ ಸಾಲಿರುತ್ತಿತ್ತು, ಜನರಿರುತ್ತಿರಲಿಲ್ಲ. ಅದನ್ನು ಕಂಡಾಗಲೆಲ್ಲ ನನಗೆ ಒಳಗೊಳಗೇ ಹೆಮ್ಮೆ. ನಮ್ಮೂರಲ್ಲಿ ಮೂರು ದಿನಕ್ಕೊಮ್ಮೆ ನೀರು ಬಿಡುತ್ತಿದ್ದರು, ಅದಕ್ಕೊಂದು ಹೊತ್ತುಗೊತ್ತಿರಲಿಲ್ಲ. ಮೊದಲೆಲ್ಲ ಜನ ಕೊಡದ ಪಕ್ಕದಲ್ಲೇ ಅರ್ಧ ದಿನ ಕಾಯುತ್ತಿದ್ದರು. ನೋಡಲಾರದೆ ಒಂದು ಸಣ್ಣ ಪ್ರೋಗ್ರಾಮ್ ಬರೆದೆ. ನೀರು ಬಿಡುವ ಓಬಳೇಶ ವಾಲ್ವ್ ತಿರುಗಿಸಿ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು, 'ನೀರು ಬಂತು' ಎಂದು ಎಲ್ಲರ ಮೊಬೈಲಿಗೂ ಮೆಸೇಜು ಹೋಗುತ್ತಿತ್ತು. ಪುಕ್ಕಟೆ. ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಬರೆದದ್ದನ್ನೆಲ್ಲ ಇಂಟರ್ನೆಟ್ಟಿನಲ್ಲಿ ತೆರೆದಿಟ್ಟಿದ್ದೆ.

ಸಾಲಿನಲ್ಲಿ ಕುತ್ತಿಗೆಗೆ ಕೆಂಪು ಬಟ್ಟೆ ಕಟ್ಟಿದ ಕೊಡ ಹಿಂದಿನ ಓಣಿಯ ಹಾಲಮ್ಮನದು. ಮನೆಯಲ್ಲಿ ಹಸಿ ಬಾಣಂತಿ ಮಗಳು, ಒಂಬತ್ತು ದಿನದ ಕೂಸು. ಅವರನ್ನು ಬಿಟ್ಟು ಬಂದು ಅವಳು ಕಾಯುವಂತಿರಲಿಲ್ಲ.

ತಿದ್ದಲು ಒಬ್ಬರೂ ಬರಲಿಲ್ಲ, ಬೈಯಲು ಊರಿಗೆ ಊರೇ ಬಂತು. ನೀರು ಕೆಂಪಗೆ ಬಂದರೂ ನನ್ನನ್ನೇ ಕೇಳುವುದು. ನಾನು ಊಟಕ್ಕೆ ಕೂತೆ ಎಂದರೆ ಸಾಕು, ಮೇಲಿನ ಬೀದಿಯ ರುದ್ರಮುನಿಯ ಫೋನು.

"ಏನ್ರೀ, ಮೆಸೇಜು ಹತ್ತು ನಿಮಿಷ ಲೇಟು. ಜವಾಬ್ದಾರಿ ಬ್ಯಾಡ್ವಾ ನಿಮ್ಗೆ?"

"ನಾನೇನು ನೀರಿನ ಆಫೀಸಿನವನಾ ಸ್ವಾಮಿ?"

"ಮಾಡಾಕಾಗ್ದಿದ್ರೆ ಯಾಕ್ ಶುರು ಮಾಡ್ಬೇಕಿತ್ತು?"

ಆ ದಿನ ಮೈಯೆಲ್ಲ ಉರಿದುಹೋಯಿತು. ಎಂಜಲು ಕೈಯಲ್ಲೇ ಎದ್ದು ಪ್ರೋಗ್ರಾಮನ್ನು ನಿಲ್ಲಿಸಿಬಿಟ್ಟೆ. ಯಾರಿಗೂ ಹೇಳಲಿಲ್ಲ. ಅನುಭವಿಸಲಿ, ಆಗ ಗೊತ್ತಾಗುತ್ತದೆ ಎಂದುಕೊಂಡು ಎರಡನೇ ಸಲ ಸಾರು ಹಾಕಿಸಿಕೊಂಡೆ.

ಮೂರು ದಿನ ಬಿಟ್ಟು ಸಂಜೆ ಹಾಲಮ್ಮ ಬಂದಳು. ಸೊಂಟದಲ್ಲಿ ಖಾಲಿ ಕೊಡ.

"ನೀರು ಬಂದು ಹೋತಂತೆ. ಮೆಸೇಜ್ ಬರ್ಲಿಲ್ಲ ಅಂತ ನಾನು ಕೂಸಿನ ಹತ್ರನೇ ಕುಂತಿದ್ದೆ. ನಲ್ಲಿ ಎದುರಿನ ಮನೆಯೋರು ನನ್ ಕೊಡ ಸರ್ಸಿ ಹಿಡ್ಕಂಡ್ರು."

ನನಗಿನ್ನೂ ಸಿಟ್ಟು ಇಳಿದಿರಲಿಲ್ಲ. "ಅದು ಪುಕ್ಕಟೆ ಕೊಟ್ಟಿದ್ದು ಹಾಲಮ್ಮ. ದಿನಾ ಬೈಸ್ಕೊಂಡು ಮಾಡೋಕೆ ನನ್ ಹಣೆಬರಹನಾ?"

"ಮಾಡ್ಬ್ಯಾಡ ಬಿಡಪ್ಪ, ನಿನ್ನಿಷ್ಟ. ನಿಲ್ಲಿಸ್ತೀನಿ ಅಂತ ಒಂದ್ ಮಾತ್ ಹೇಳಿದ್ರೆ ಯಾರ್ನಾರ ಕೂಸಿನ ಹತ್ರ ಕೂರ್ಸಿ ನಲ್ಲಿ ಕಾಯ್ತಿದ್ದೆ. ನೀನು ತಿಳಿಸ್ತೀಯ ಅಂತ ನಂಬ್ಕಂಡು ಕುಂತೆ."

ರುದ್ರಮುನಿಯ ಮನೆಯ ತೊಟ್ಟಿ ಹೇಗೂ ತುಂಬಿತ್ತು. ಅವನಿಗೆ ಬುದ್ಧಿ ಕಲಿಸಲು ಹೋಗಿ ಬಾಣಂತಿಯ ಸ್ನಾನ ತಪ್ಪಿಸಿದ್ದೆ. ಮನೆಯಲ್ಲಿದ್ದ ನೀರನ್ನೆಲ್ಲ ಅವಳ ಕೊಡಕ್ಕೆ ಸುರಿದೆ. ಆಮೇಲೆ ಎಲ್ಲರಿಗೂ ತಿಳಿಸಿದೆ: ಅಮಾವಾಸ್ಯೆಯವರೆಗೆ ಮೆಸೇಜು ಬರುತ್ತದೆ, ಮುಂದೆ ನನ್ನಿಂದಾಗದು, ನಡೆಸುವವರಿದ್ದರೆ ಕಲಿಸಿಕೊಡುತ್ತೇನೆ. ರುದ್ರಮುನಿ ಆ ಕೂಡಲೇ ಫೋನು ಮಾಡಿದ, ನಾನು ಎತ್ತಲಿಲ್ಲ. ಕಲಿಯಲು ಯಾರೂ ಬರಲಿಲ್ಲ.

ಅಮಾವಾಸ್ಯೆ ಕಳೆದ ಮೇಲೆ ನಾನೂ ಕೊಡ ಹಿಡಿದು ಹೋದೆ. ಒಂದೊಂದು ಕೊಡದ ಪಕ್ಕದಲ್ಲೂ ಒಬ್ಬೊಬ್ಬರು ಕೂತಿದ್ದರು. ಕೊನೆಯಲ್ಲಿ ಹಾಲಮ್ಮ. ಅವಳ ಹಿಂದೆ ನನ್ನ ಕೊಡ ಇಟ್ಟೆ.

"ನೀನು ಮನೆಗೆ ಹೋಗವ್ವ. ನೀರು ಬಂದಾಗ ನಾನೇ ಬಂದು ಕರೀತೀನಿ."

ಅವಳು ನನ್ನ ಮುಖ ನೋಡಿದಳು. "ಇಲ್ಲೇ ಕುಂತಿರ್ತೀನಿ ಬಿಡಪ್ಪ" ಎಂದು ಕೊಡವನ್ನು ತನ್ನ ಮಂಡಿಯ ಹತ್ತಿರಕ್ಕೆ ಎಳೆದುಕೊಂಡಳು.