ಉಳಿಸಿದ ಎಂಟು ವಾಟ್

ಹೋದ ವರ್ಷ ಕೆತ್ತಿ ಎಂಬ ಊರಿನಲ್ಲಿ ನಕ್ಷತ್ರ ನೋಡುವ ಕೆಲಸ ಕೆಟ್ಟದ್ದು ಮಹಾಲಿಂಗಂ ಅವರ ಬ್ಯಾಟರಿಯಿಂದ. ಟೀ ಗಿಡಕ್ಕೆ ಮದ್ದು ಹೊಡೆಯುವ ಪಂಪಿನ ಬ್ಯಾಟರಿಯೇ ಸಾಕೆಂದು ತಂಗಿಯ ಮಗಳು ರಂಜಿತಾಳಿಗೆ ಕೊಟ್ಟಿದ್ದರು. ಅವಳ ದೂರದರ್ಶಕವನ್ನು ಹೊತ್ತು ನಕ್ಷತ್ರದ ಹಿಂದೆಯೇ ತಿರುಗುವ ಮೋಟಾರು ಪೀಠ ನಡುದಾರಿಯಲ್ಲಿ ನಿಂತುಹೋಯಿತು. ಗೂಡಲೂರಿನ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವ ಹುಡುಗಿ ಬೈಯದೆ ಎಲ್ಲವನ್ನೂ ಕಳಚಿ ಜೀಪಿಗೆ ಹಾಕಿದಳು. ಬೈದಿದ್ದರೆ ಮಹಾಲಿಂಗಂ ಮರೆತುಬಿಡುತ್ತಿದ್ದರೇನೋ.

ಈ ಸಲ ತಾವೇ ಊಟಿಯ ಅಂಗಡಿಗೆ ಹೋದರು. ನಡುವಟ್ಟಂ ಟೀ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಎಲೆ ತೂಗಿದ ಮನುಷ್ಯ. ಲೆಕ್ಕವಿಲ್ಲದೆ ಬೆಂಕಿಕಡ್ಡಿಯನ್ನೂ ಗೀರಿದವರಲ್ಲ. ಪೀಠ ಮೂರು ಗಂಟೆ ಪೂರ್ತಿ ವೇಗದಲ್ಲಿ ಓಡಿದರೂ ಎಪ್ಪತ್ತೆರಡು ವಾಟ್-ಗಂಟೆ. ಪಂಪಿನ ಬ್ಯಾಟರಿ ತೊಂಬತ್ತಾರರದು, ನಂಬಬಹುದಾದದ್ದು ಅರ್ಧ ಮಾತ್ರ. ಜೀಪಿನ ಬ್ಯಾಟರಿ ಕಳಚಿದರೆ ಕಾಡಂಚಿನಿಂದ ಮರಳಿ ಬರಲು ಜೀಪೇ ಇಲ್ಲ. ಉಳಿದದ್ದು ಕೈಪೆಟ್ಟಿಗೆಯಂಥ ಲಿಥಿಯಂ ಬ್ಯಾಟರಿ, ಇನ್ನೂರೈವತ್ತು ವಾಟ್-ಗಂಟೆಯದು.

"ಅಯ್ಯಾ, ಇದ್ರಲ್ಲಿ ಕಲ್ಯಾಣಮಂಟಪಕ್ಕೇ ಲೈಟ್ ಹಾಕಬಹುದು," ಎಂದ ಅಂಗಡಿಯ ಸತೀಶ್‌ಕುಮಾರ್.

"ನನಗೆ ಮಂಟಪ ಬೇಡ. ಮೂರು ಗಂಟೆ ಬೇಕು."

ಡಿಸೆಂಬರಿನ ಆ ಸಂಜೆ ಮಹಾಲಿಂಗಂ, ರಂಜಿತಾ ಇಬ್ಬರೂ ಮಾವನಲ್ಲ ಎಂಬ ಕಾಡಂಚಿನ ಊರಿನ ಒಂದು ಬರಿಹೊಲದಲ್ಲಿದ್ದರು. ವಿದ್ಯುತ್ ಕಂಬ ಅಲ್ಲಿಗೆ ಬಂದಿರಲಿಲ್ಲ. ಏಳು ಗಂಟೆ ಇಪ್ಪತ್ನಾಲ್ಕು ನಿಮಿಷಕ್ಕೆ ಒಂದು ಸಣ್ಣ ಕ್ಷುದ್ರಗ್ರಹ ಮಂಕು ನಕ್ಷತ್ರವೊಂದರ ಮುಂದೆ ಹಾದು, ಏಳೇ ಸೆಕೆಂಡು ಅದನ್ನು ಮರೆಮಾಡಲಿತ್ತು. ಎಷ್ಟು ಹೊತ್ತು ಮರೆಯಾಯಿತೆಂಬುದರಿಂದ ಆ ಕಲ್ಲಿನ ಅಗಲ ತಿಳಿಯುತ್ತದೆ. ರಂಜಿತಾಳ ತಂಡದವರು ಉತ್ತರದ ಊರುಗಳಲ್ಲಿ ಕಾದಿದ್ದರು. ದಕ್ಷಿಣದ ತುದಿಗೆ ಇವಳೊಬ್ಬಳೇ. ಕೆತ್ತಿಯ ನಂತರವೂ ತಂಡದವರು ಅವಳನ್ನು ನಂಬಿದ್ದರು.

ಆರೂ ಮೂವತ್ತನಾಲ್ಕಕ್ಕೆ ಪೀಠ ಆ ನಕ್ಷತ್ರದ ಮೇಲೆ ನೆಲೆನಿಂತಿತು. ಗಾಜಿಗೆ ಇಬ್ಬನಿ ಕೂರದಂತೆ ಕೊಳವೆಗೆ ಸುತ್ತಿದ್ದ ಬಿಸಿಪಟ್ಟಿಯನ್ನು ಮಹಾಲಿಂಗಂ ಮುಟ್ಟಿ ನೋಡಿದರು.

"ಇಬ್ಬನಿಯೇ ಇಲ್ಲ. ಇದೇಕೆ ಉರಿಯಬೇಕು? ಎಂಟು ವಾಟ್ ಉಳಿಯುತ್ತೆ." ತಂತಿ ಕಿತ್ತರು.

"ಉಳಿಸಿದ್ದನ್ನ ಎಲ್ಲಿಡ್ತೀರಿ ಮಾಮಾ? ಎಲೆ ಬುಟ್ಟಿಯೊಳಗಾ?"

ಆರೂ ನಲವತ್ತನಾಲ್ಕಕ್ಕೆ ಪೀಠ ಸತ್ತಿತು.

ರಂಜಿತಾ ಬ್ಯಾಟರಿ ಪೆಟ್ಟಿಗೆಯ ಗುಂಡಿ ಒತ್ತಿದಳು, ದೀಪ ಬಂತು. ಆದರೆ ಪೀಠಕ್ಕೆ ಆಕಾಶವೇ ಮರೆತುಹೋಗಿತ್ತು. ಮತ್ತೆ ಎರಡು ಹೊಳೆವ ನಕ್ಷತ್ರಗಳನ್ನು ತೋರಿಸಿ, ಬೇಕಾದ ನಕ್ಷತ್ರಕ್ಕೆ ತರಲು ಏಳು ನಿಮಿಷ. ಆರೂ ಐವತ್ತೆರಡಕ್ಕೆ ನೆಲೆನಿಂತಿತು. ಏಳೂ ಎರಡಕ್ಕೆ ಮತ್ತೆ ಆರಿತು.

"ಇದೂ ಕೆತ್ತೀದೇ ಕಥೆ," ಎಂದಳು. "ಹೊಸದು ಅಂದ್ರಲ್ಲ ಮಾಮಾ!"

ಮಹಾಲಿಂಗಂ ಪೆಟ್ಟಿಗೆಯ ಮುಂದೆ ಮಂಡಿಯೂರಿದರು. ತುಂಬಿರುವುದು ನೂರಕ್ಕೆ ತೊಂಬತ್ತೆರಡು. ಮೂವತ್ತನಾಲ್ಕರಿಂದ ನಲವತ್ತನಾಲ್ಕು. ಐವತ್ತೆರಡರಿಂದ ಏಳೂ ಎರಡು. ಎರಡು ಸಲವೂ ಸರಿಯಾಗಿ ಹತ್ತು ನಿಮಿಷ. ಬರಿದಾಗುವ ವಸ್ತು ಗಡಿಯಾರ ನೋಡಿಕೊಂಡು ಬರಿದಾಗುವುದಿಲ್ಲ. ಇದು ಕೊರತೆಯಲ್ಲ. ನೆಲೆನಿಂತ ಪೀಠ ಎಳೆಯುವುದು ನಾಲ್ಕೇ ವಾಟ್. ಅಷ್ಟು ಸಣ್ಣ ಎಳೆತಕ್ಕೆ ಪೆಟ್ಟಿಗೆ ಏನೆಂದುಕೊಂಡಿರಬೇಕು? ತನ್ನನ್ನು ಬಳಸುವವರು ಯಾರೂ ಇಲ್ಲವೆಂದು ಹತ್ತು ನಿಮಿಷ ಕಾದು, ಚಾರ್ಜ್ ಉಳಿಸಲು ತಾನೇ ಬಾಗಿಲು ಹಾಕಿಕೊಂಡಿದೆ.

ಈಗ ಏಳೂ ಮೂರು. ನೆಲೆನಿಲ್ಲುವುದು ಏಳೂ ಹತ್ತಕ್ಕೆ, ಆರುವುದು ಇಪ್ಪತ್ತಕ್ಕೆ. ನಕ್ಷತ್ರ ಮರೆಯಾಗುವುದು ಇಪ್ಪತ್ನಾಲ್ಕಕ್ಕೆ. ಇನ್ನೊಮ್ಮೆ ತಪ್ಪಿದರೆ ತಿದ್ದಲು ಹೊತ್ತಿಲ್ಲ.

"ಬಿಸಿಪಟ್ಟಿಯ ತಂತಿ ಕೊಡು."

"ಸಾಯ್ತಿರೋದಕ್ಕೆ ಇನ್ನೂ ಹೊರೆ ಹೊರಿಸ್ತೀರಾ?"

"ಹೊರೆ ಸಾಲದ್ದಕ್ಕೇ ಸಾಯ್ತಿದೆ. ಕೊಡು, ರಂಜಿ. ತಪ್ಪು ನನ್ನದು."

ಅವಳು ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. ಆ ಬಾಯಿಂದ ಇಂಥ ಮಾತು ಅವಳು ಕೇಳಿರಲಿಲ್ಲ. ತಂತಿಯನ್ನು ಅವರತ್ತ ಎಸೆದು, ಗುಂಡಿ ಒತ್ತಿ ಪೀಠಕ್ಕೆ ತಿರುಗಿದಳು.

ಬಿಸಿಪಟ್ಟಿಯ ಪ್ಲಗ್ ಸಡಿಲವಾಗಿತ್ತು. ಮಹಾಲಿಂಗಂ ಅದನ್ನು ಹೆಬ್ಬೆರಳಿಂದ ಒತ್ತಿ ಹಿಡಿದರು. ಪೆಟ್ಟಿಗೆಯ ಪರದೆಯಲ್ಲಿ ನಾಲ್ಕು ವಾಟ್ ಇದ್ದದ್ದು ಹನ್ನೆರಡಾಯಿತು. ಏಳೂ ಹತ್ತಕ್ಕೆ ಪೀಠ ನೆಲೆನಿಂತಿತು. ದೂರದ ಬಿದಿರುಮೆಳೆಯಲ್ಲಿ ಏನೋ ಮುರಿದ ಸದ್ದು; ಇಬ್ಬರೂ ತಲೆ ತಿರುಗಿಸಲಿಲ್ಲ. ಏಳೂ ಹದಿನೆಂಟು. ಹತ್ತೊಂಬತ್ತು. ಮೂಲೆಯ ಹಸಿರು ದೀಪವನ್ನು ನೋಡುತ್ತ ಅವರು ಉಸಿರನ್ನೂ ಉಳಿಸಿಕೊಂಡಂತೆ ಕುಳಿತರು.

ಇಪ್ಪತ್ತು. ದೀಪ ಉರಿಯುತ್ತಲೇ ಇತ್ತು. ಇಪ್ಪತ್ತೊಂದು.

"ಮಾಮಾ, ಇದೆ ಇನ್ನೂ," ಎಂದು ಪಿಸುಗುಟ್ಟಿದಳು.

"ನೀನು ನಕ್ಷತ್ರ ನೋಡು."

ಏಳೂ ಇಪ್ಪತ್ನಾಲ್ಕಕ್ಕೆ, ದೂರದರ್ಶಕಕ್ಕೆ ಜೋಡಿಸಿದ್ದ ಲ್ಯಾಪ್‌ಟಾಪಿನ ಪರದೆಯ ಮೇಲಿದ್ದ ಮಂಕು ಚುಕ್ಕೆ ಇಲ್ಲವಾಯಿತು. ರಂಜಿತಾ ತುಟಿಯೊಳಗೇ ಎಣಿಸಿದಳು. ಏಳಕ್ಕೆ ಚುಕ್ಕೆ ಮರಳಿ ಬಂತು.

ಅವಳು ನೆಲಕ್ಕೆ ಕುಸಿದು, ನಕ್ಕು, ಕಣ್ಣೊರೆಸಿಕೊಂಡಳು. "ಆಯ್ತು, ಮಾಮಾ! ಇನ್ನು ಪಟ್ಟಿ ಕೀಳಿ. ದಂಡಕ್ಕೆ ಉರೀತಿದೆ."

"ಉರೀಲಿ," ಎಂದರು ಮಹಾಲಿಂಗಂ.

ಪ್ಲಗ್ಗಿನ ಮೇಲಿದ್ದ ಹೆಬ್ಬೆರಳು ಮರಗಟ್ಟಿತ್ತು. ಅದನ್ನು ಬಿಡಿಸಲು ಎಡಗೈಯ ನೆರವೂ ಬೇಕಾಯಿತು.