ಬುರುಲ್ ಅತ್ತಿಗೆ ಕಾಯಿಲ್ ಸುತ್ತಲು ಕಲಿತದ್ದು

ನನ್ನ ಅಣ್ಣ ಜೋಲ್ದೋಶ್ ಘಾಟಿಯಲ್ಲಿ ಲಾರಿ ಓಡಿಸುವವನು. ಸಿಗರೇಟು ಬಿಡಬೇಕೆಂದು, ಬ್ಯಾಟರಿಯಿಂದ ಹಬೆ ಎಬ್ಬಿಸಿ ಸೇದುವ ವೇಪ್ ಹಿಡಿದ. ನಮ್ಮ ನಾರಿನ್ ಊರಲ್ಲಿ ಅದರ ಸಾಮಾನು ಸಿಗುವುದೇ ಅಪರೂಪ. ಹಿಮ ಬಿದ್ದು ಘಾಟಿ ಮುಚ್ಚಿದರೆ ಅದೂ ಇಲ್ಲ. ಟ್ಯಾಂಕಿನೊಳಗಿನ ದ್ರವವನ್ನು ಕಾಯಿಸಿ ಹಬೆ ಎಬ್ಬಿಸುವ ಪುಟ್ಟ ತಂತಿಸುರುಳಿಗೆ ಕಾಯಿಲ್ ಅನ್ನುತ್ತಾರೆ. ಅದು ಸುಟ್ಟುಹೋದಾಗಲೆಲ್ಲ ಅವನು ಮತ್ತೆ ಸಿಗರೇಟಿಗೆ ಜಾರುತ್ತಿದ್ದ. ಕೊನೆಗೆ, ಕಾಯಿಲನ್ನು ನಾವೇ ಸುತ್ತಿ ಕೂರಿಸಿಕೊಳ್ಳಬಹುದಾದ ಟ್ಯಾಂಕೊಂದನ್ನೂ ಅದಕ್ಕೆ ಹೊಂದುವ ತಾಮ್ರದ ಕೊಳವೆಯನ್ನೂ ರಾಜಧಾನಿ ಬಿಷ್ಕೆಕ್‌ನಿಂದ ತಂದ. ಕೊಳವೆಯೊಳಗೆ ಒಂದು ಬ್ಯಾಟರಿ, ತಳದಲ್ಲಿ ಒಂದು ಗುಂಡಿ, ಅಷ್ಟೇ. ಏನಾದರೂ ಹೆಚ್ಚುಕಡಿಮೆಯಾದರೆ ತಡೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಗೊತ್ತಿರೋರನ್ನ ಕೇಳ್ಕೊಂಡು ಮಾಡಬಾರ್ದಾ?" ಅಂದಳು ಅತ್ತಿಗೆ ಬುರುಲ್.

"ಲಾರಿ ಇಂಜಿನ್ ಬಿಚ್ಚಿ ಜೋಡಿಸೋನಿಗೆ ಕೂದಲೆಳೆಯಷ್ಟು ತಂತಿ ಸುತ್ತೋಕೆ ಬರಲ್ವಾ? ನೀನು ಸುಮ್ನೆ ಹೆದರಿಸ್ಬೇಡ."

ಅವಳು ಹೆದರುಪುಕ್ಕಲಿ ಎನ್ನುವುದು ಮನೆಮಂದಿಗೆಲ್ಲ ತಮಾಷೆಯ ವಿಷಯವಾಗಿತ್ತು. ಗ್ಯಾಸ್ ಒಲೆ ಹಚ್ಚುವಾಗಲೂ ಮುಖ ಆಚೆ ತಿರುಗಿಸುವವಳು.

ಆ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಅಮ್ಮ ನೆಲದ ಕಂಬಳಿಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದಳು. ಅವಳಿಗೆ ಕಿವಿ ಮಂದ, ಮಂಡಿಯಂತೂ ಏಳಲು ಬಿಡದು. ಅಣ್ಣ ಪಕ್ಕದಲ್ಲೇ ಕೂತು, ಸಣ್ಣ ಸ್ಕ್ರೂಡ್ರೈವರಿಗೆ ತಂತಿ ಸುತ್ತಿ, ಸುರುಳಿಯ ಎರಡು ಕಾಲುಗಳನ್ನೂ ಸ್ಕ್ರೂಗಳಡಿ ಸಿಕ್ಕಿಸಿ, ಹತ್ತಿ ತುರುಕಿ, ಮುಚ್ಚಳ ತಿರುಗಿಸಿ, ಗುಂಡಿ ಒತ್ತಿದ. ಹಬೆ ಬರಲಿಲ್ಲ. ಮತ್ತೆ ಒತ್ತಿ ಹಿಡಿದ.

"ಇದೇನಿದು, ಕೊಳವೇನೇ ಬಿಸಿ ಆಗ್ತಿದೆ," ಅಂದ.

ತಂತಿಯ ತುದಿಯನ್ನು ಅವನು ಸರಿಯಾಗಿ ಕತ್ತರಿಸಿರಲಿಲ್ಲ. ಅದು ಲೋಹದ ಮುಚ್ಚಳಕ್ಕೆ ತಾಗಿ ಬ್ಯಾಟರಿ ಶಾರ್ಟ್ ಆಗಿತ್ತು. ಬೆರಳು ತೆಗೆದರೂ ಗುಂಡಿ ಮೇಲೆ ಬರಲಿಲ್ಲ, ಒಳಗಿನ ಸ್ಪ್ರಿಂಗು ಕಾದು ಕುಸಿದಿತ್ತು. ಬಿಚ್ಚಲು ಹೋದ, ಅಂಗೈ ಸುಟ್ಟಿತು, ಕೈಬಿಟ್ಟ. ಕೊಳವೆ ಉರುಳಿಕೊಂಡು ಹೋಗಿ ಅಮ್ಮನ ಮಡಿಲ ಹತ್ತಿರ ಉಣ್ಣೆಯ ರಾಶಿಯಲ್ಲಿ ನಿಂತಿತು. ಸುಯ್ ಅನ್ನುವ ಸದ್ದು ಶುರುವಾಯಿತು. ಅಮ್ಮನಿಗೆ ಅದು ಕೇಳಿಸಲಿಲ್ಲ. ಉಣ್ಣೆ ಹಿಂಜುತ್ತಲೇ ಇದ್ದಳು.

ನನಗೆ ಕಾಲು ಕಿತ್ತಿಡಲಾಗಲಿಲ್ಲ. ಅಣ್ಣ ಸುಟ್ಟ ಕೈ ಹಿಡಿದುಕೊಂಡು ಬಾಯಿ ತೆರೆದು ನಿಂತಿದ್ದ. ಒಲೆಯ ಬಳಿಯಿದ್ದ ಕಲ್ಲಿದ್ದಲಿನ ಸಲಿಕೆ ಎತ್ತಿಕೊಂಡು ಬಂದದ್ದು ಅತ್ತಿಗೆ. ಉಣ್ಣೆಯ ಸಮೇತ ಕೊಳವೆಯನ್ನು ಬಾಚಿದಳು.

"ಬಾಗಿಲು ತೆಗಿ," ಅಂದಳು ನನಗೆ. ಕೂಗಲಿಲ್ಲ.

ಅಗುಳಿ ಚಳಿಗೆ ಬಿಗಿದುಕೊಂಡಿತ್ತು. ನಾನು ಎಳೆಯುತ್ತಿದ್ದಷ್ಟು ಹೊತ್ತೂ ನನ್ನ ಕಿವಿಯ ಹಿಂದೆಯೇ ಆ ಸುಯ್‌ಗುಟ್ಟುವಿಕೆ, ಸುಟ್ಟ ಉಣ್ಣೆಯ ನಾತ, ಅವಳ ಉಸಿರು. ಬಾಗಿಲು ತೆರೆದದ್ದೇ ಅಂಗಳದ ಹಿಮದತ್ತ ಎಸೆದಳು. ಬಾಗಿಲು ಮುಚ್ಚುವಷ್ಟರಲ್ಲಿ ಸಿಡಿಯಿತು. ಹೊರಗೆ ಹೋಗಿ ನೋಡಿದಾಗ ಕೊಟ್ಟಿಗೆಯ ಬಾಗಿಲಲ್ಲಿ, ನಿಂತ ಮನುಷ್ಯನ ಮುಖದ ಎತ್ತರಕ್ಕೆ, ತಾಮ್ರದ ಚೂರು ನಾಟಿಕೊಂಡಿತ್ತು.

"ಯಾರು ಬಂದ್ರು?" ಅಂತ ಅಮ್ಮ ಒಳಗಿನಿಂದ ಕೇಳಿದಳು.

ಆಮೇಲೆ ಅಣ್ಣ ಎಲ್ಲ ಬಿಟ್ಟೆ ಅಂದ. ಬಿಟ್ಟದ್ದು ವೇಪನ್ನು ಮಾತ್ರ. ಕೊಟ್ಟಿಗೆಯ ಹಿಂದೆ ನಿಂತು ಸಿಗರೇಟು ಸೇದಿ ಕೆಮ್ಮುತ್ತಿದ್ದ. ನಮ್ಮಪ್ಪ ಹೋಗುವ ಮುಂಚೆ ಕೆಮ್ಮುತ್ತಿದ್ದುದೂ ಹಾಗೆಯೇ, ಎದೆಯೊಳಗೆ ಜಲ್ಲಿ ಉರುಳಿದಂತೆ. ಡಾಕ್ಟರು, ಎರಡೂ ಬೇಡ ಅಂದಿದ್ದರು. ಅವನಿಂದ ಅದಾಗದು ಎಂದು ಎಲ್ಲರಿಗೂ ಗೊತ್ತಿತ್ತು. ಅತ್ತಿಗೆ ಚಹಾ ಬಗ್ಗಿಸುತ್ತಿದ್ದವಳು ಕೆಮ್ಮು ಕೇಳಿದರೆ ಕೈ ನಿಲ್ಲಿಸಿಬಿಡುತ್ತಿದ್ದಳು. ಒಂದು ದಿನ ನನ್ನ ತೋಳು ಹಿಡಿದು, "ನಂಜೊತೆ ಬಜಾರಿಗೆ ಬಾ. ಒಬ್ಳೇ ಹೋದ್ರೆ ಅರ್ಧ ದಾರಿಯಿಂದ ವಾಪಸ್ ಬಂದ್ಬಿಡ್ತೀನಿ," ಅಂದಳು.

ಬಜಾರಿನಲ್ಲಿ ದಮೀರ್ ಫೋನ್ ರಿಪೇರಿ ಮಾಡುತ್ತಿದ್ದ. ಕಾಯಿಲ್ ಸುತ್ತುವುದರಲ್ಲಿ ಪಳಗಿದವನು. ಅತ್ತಿಗೆ ತನಗೂ ಅದನ್ನು ಕಲಿಸು ಅಂದಾಗ ನಗಲಿಲ್ಲ.

"ಕೊಳವೆ ಮುಟ್ಟೋದೇ ಬೇಡ ಅತ್ತಿಗೆ. ಅದರ ಬದಲು ಈ ಪೆಟ್ಟಿಗೆ ತಗೊಳ್ಳಿ, ಬ್ಯಾಟರಿ ಇದರೊಳಗೇ ಇರುತ್ತೆ. ತಂತಿ ಎಲ್ಲಾದ್ರೂ ತಾಗಿದ್ರೆ ಇದೇ ಕರೆಂಟ್ ನಿಲ್ಸುತ್ತೆ."

"ನಿಲ್ಸದೇ ಇದ್ರೆ?"

"ಅದಕ್ಕೇ ತಂತಿ ಎಲ್ಲೂ ತಾಗಿಲ್ಲ ಅಂತ ಮೊದಲು ಈ ಮೀಟರಲ್ಲಿ ಅಳೀಬೇಕು. ಅಳೆದು, ಒಳಗೆ ನೋಡಿ, ಮತ್ತೆ ಅಳೀಬೇಕು."

ಅವಳು ಸುತ್ತಿದ ಮೊದಲ ಸುರುಳಿಗಳು ಇಲಿ ಕಡಿದ ದಾರದ ಹಾಗಿದ್ದವು. ಕೊನೆಗೊಂದು ನೆಟ್ಟಗೆ ಬಂತು. ಕಾಲುಗಳನ್ನು ಸ್ಕ್ರೂ ಕೆಳಗೆ ಬಿಗಿದು, ಮಿಕ್ಕ ತುದಿ ಕತ್ತರಿಸಿ, ಮೀಟರಿಗೆ ಹಚ್ಚಿದಳು. ಅಂಕಿ ಕುಣಿಯದೆ ನಿಂತಿತು.

"ಈಗ ಪೆಟ್ಟಿಗೆಗೆ ಹಾಕಿ ಒತ್ತಿ," ಅಂದ ದಮೀರ್.

ಅವಳು ಕಣ್ಣು ಮುಚ್ಚಿದಳು.

"ಕಣ್ಣು ಬಿಡಿ. ಕೆಂಪು ನಡುವಿನಿಂದ ಶುರುವಾಗುತ್ತಾ, ಅಂಚಿನಿಂದಲಾ, ಅದನ್ನ ನೋಡ್ಬೇಕಲ್ಲ. ನಡುವಿನಿಂದಾದ್ರೆ ಸುರುಳಿ ಸರಿಯಾಗಿದೆ ಅಂತ."

"ನೀನೇ ಒತ್ತು ತಮ್ಮಾ."

"ಮನೇಲಿ ನಾನಿರ್ತೀನಾ?"

ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಅಂಗಿ ಬೆವರಿಗೆ ಒದ್ದೆಯಾಗಿತ್ತು. ಒತ್ತಿದಳು. ನಡುವಿನ ಸುತ್ತುಗಳು ಮೆಲ್ಲಗೆ ಕೆಂಪಾದವು, ಆ ಕೆಂಪು ಎರಡೂ ಕಡೆ ಹರಿಯಿತು. ಬೆರಳು ತೆಗೆದಳು, ಆರಿತು. ಪೆಟ್ಟಿಗೆ ಕೆಳಗಿಟ್ಟವಳೇ ಅಂಗಡಿಯಿಂದಾಚೆ ಹೋಗಿ ಗೋಡೆಗೆ ಆತು ವಾಂತಿ ಮಾಡಿಕೊಂಡಳು. ಬಾಯಿ ತೊಳೆದು ಬಂದು, "ಇನ್ನೊಂದು ತಂತಿ ಕೊಡು," ಅಂದಳು.

ಈಗ ಅಣ್ಣ ಸಿಗರೇಟು ಬಿಟ್ಟು ಆ ಪೆಟ್ಟಿಗೆಯನ್ನೇ ಸೇದುತ್ತಾನೆ, ಅದರ ಕಾಯಿಲ್‌ಗಳನ್ನೆಲ್ಲ ಅವಳೇ ಸುತ್ತುವುದು. ಮನೆಯೊಳಗೆ ಸುತ್ತುವುದಿಲ್ಲ, ಎಂಥ ಚಳಿಯಿದ್ದರೂ ಜಗಲಿಯಲ್ಲಿ, ಒಬ್ಬಳೇ. ಬ್ಯಾಟರಿಯ ಪ್ಲಾಸ್ಟಿಕ್ ಹೊದಿಕೆ ಕೊಂಚ ಹರಿದಿದ್ದರೂ ಬಳಸಗೊಡಳು. ಅಣ್ಣ ಗೊಣಗುತ್ತಾನೆ, ಆದರೆ ತಾನಾಗಿ ತಂತಿ ಮುಟ್ಟುವುದಿಲ್ಲ. ಅವನ ಕೆಮ್ಮು ಕಡಿಮೆಯಾಗಿದೆ, ನಿಂತಿಲ್ಲ.

"ಇಷ್ಟು ಸಲ ಸುತ್ತಿದ್ಮೇಲೂ ಭಯವಾ ಅತ್ತಿಗೆ?" ಅಂತ ಮೊನ್ನೆ ಕೇಳಿದೆ.

"ಪ್ರತಿ ಸಲ," ಅಂದಳು. "ನೀನು ಸ್ವಲ್ಪ ಆಚೆ ಹೋಗಿ ನಿಂತ್ಕೋ."

ನಾನು ಮೆಟ್ಟಿಲಿಳಿದು ನಿಂತೆ. ಅವಳು ಮೀಟರಿನ ಮೇಲೆ ಬಗ್ಗಿದಳು.