ಬಿಳಿ ಸೀರೆಯ ಕಂದು ಬುಟ್ಟಾ

ನನ್ನ ಯಜಮಾನರ ಬಾಯಿ ತೆರೆಸಲು ಆರು ತಿಂಗಳಿಂದ ಒದ್ದಾಡುತ್ತಿದ್ದೆ. ಮಾತಿಗಲ್ಲ. ಮಾತಾಡಲು ಅವರಿಗೆ ಬಾಯಿ ತೆರೆಯುವ ಅಗತ್ಯವೇ ಇರಲಿಲ್ಲ. ಬಾಯೊಳಗಿನ ತಂಬಾಕಿನ ರಸ ಚೆಲ್ಲದಂತೆ ತಲೆ ಹಿಂದಕ್ಕೆ ಮಾಡಿ, ಮಾಳಿಗೆ ನೋಡುತ್ತ, ತುಟಿ ಅಲುಗಿಸದೆ ಬನಹಟ್ಟಿಯ ನೂಲಿನ ದರದಿಂದ ಹಿಡಿದು ದಿಲ್ಲಿಯ ರಾಜಕೀಯದವರೆಗೆ ಎಲ್ಲ ಹೇಳಬಲ್ಲವರು. ನನಗೆ ಬೇಕಾಗಿದ್ದು ಜಮಖಂಡಿಯ ಡಾಕ್ಟರ ಮುಂದೆ ಒಂದೇ ಒಂದು ಸಲ ಅವರು ಬಾಯಿ ತೆರೆಯುವುದು.

ಆ ಬಾಯಿ ಮುಚ್ಚಿಹೋಗುತ್ತಿತ್ತು. ಮೊದಲು ಖಾರ ಉರಿಯತೊಡಗಿತು. ತಪ್ಪು ನಾನು ಕುಟ್ಟಿದ ಖಾರದ್ದಾಯಿತು. ಆಮೇಲೆ ತುತ್ತು ಹೋಗದಾಯಿತು. ತಪ್ಪು ನಾನು ಬಡಿದ ರೊಟ್ಟಿಯದಾಯಿತು. ಈಗ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಚೂರುಚೂರಾಗಿ ಒಳಗೆ ನೂಕುತ್ತಿದ್ದರು. ತಂಬಾಕು ಮಾತ್ರ ಸಲೀಸಾಗಿ ಹೋಗುತ್ತಿತ್ತು. ಅಡಿಕೆಯದೊಂದು ಚೀಟು, ತಂಬಾಕಿನದೊಂದು ಚೀಟು. ಎರಡನ್ನೂ ಹರಿದು ಬೆರೆಸಿ ಸುರುವಿಕೊಳ್ಳುವಾಗ ಅವರ ಮುಖದಲ್ಲಿ ಕಾಣುವ ಭಕ್ತಿಯನ್ನು ದೇವರ ಜಗಲಿಯ ಮುಂದೆ ನಾನೆಂದೂ ಕಂಡಿಲ್ಲ.

"ಚೀಟಿನ ಮ್ಯಾಲಿನ ಚಿತ್ರಾನಾರ ನೋಡ್ರಿ. ಬಾಯಿ ಹೆಂಗ ಕೊಳತೈತಿ," ಎಂದೆ ಒಮ್ಮೆ.

"ನೋಡೇನಿ. ಅಂವ ನಮ್ಮ ಕಡಿಯಾಂವ ಅಲ್ಲ. ನಾವು ಕೃಷ್ಣಾ ನದಿ ನೀರ ಕುಡ್ಯಾವ್ರು. ನಮಗೇನ ಆಗತೈತಿ."

ಅಷ್ಟರಲ್ಲಿ ಮಗಳು ಪ್ರತಿಮಾಳಿಗೆ ಮಹಾಲಿಂಗಪುರದ ಸಂಬಂಧ ಗೊತ್ತಾಯಿತು.

"ಯಪ್ಪಾ, ಮದವಿಕಿಂತ ಮೊದಲ ಬಾಯಿ ತೋರಿಸ್ಕೊಂಡ ಬಾ," ಎಂದಳು ಅವಳು.

"ಮದವಿ ಮುಗೀಲಿ ತಡಿ. ಈಗ ನಿನ್ನ ಸೀರಿ ನೇಯೂದೈತಿ."

ಅರಿಷಿಣ ಹಚ್ಚುವ ದಿನ ಮಗಳು ಉಡುವ ಬಿಳಿ ಸೀರೆಯನ್ನು ತಾವೇ ನೇಯಬೇಕೆಂಬುದು ಅವರ ಹಟ. ನಮ್ಮ ಮಗ್ಗದಲ್ಲಿ ಬಿಳಿ ನೂಲು ಏರಿದ್ದು ಅದೇ ಮೊದಲು. ಲಾಳಿಯೊಳಗೆ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿದಾಗಲೆಲ್ಲ ನೂಲಿನ ತುದಿಯನ್ನು ಲಾಳಿಯ ಸಣ್ಣ ತೂತಿನಿಂದ ಹೊರಗೆ ತರಬೇಕು. ತೂತಿಗೆ ತುಟಿ ಹಚ್ಚಿ ಉಸಿರೆಳೆದರೆ ನೂಲು ಬಾಯಿಗೇ ಬರುತ್ತದೆ. ಅವರಪ್ಪ ಹಾಗೇ ಮಾಡುತ್ತಿದ್ದರು, ಇವರೂ ಹಾಗೇ ಮಾಡುತ್ತ ಬಂದರು. ಕಪ್ಪು, ಕರಿಗೆಂಪು ಸೀರೆ ನೇಯುತ್ತಿದ್ದಷ್ಟು ದಿನ ಆ ಬಾಯಿ ನೂಲಿಗೆ ಏನು ಮಾಡುತ್ತಿದೆ ಎಂದು ಯಾರಿಗೂ ಗೊತ್ತಾಗಿರಲಿಲ್ಲ.

ಮದುವೆಯ ತಾರೀಖು ಗೊತ್ತುಮಾಡಲು ಬೀಗಿತ್ತಿ ಗುರುಬಾಯಿ ಬಂದರು. ಯಜಮಾನರು ಅಂಚು ಮೇಲೆ ಕಾಣುವಂತೆ ಮಡಿಚಿದ್ದ ಸೀರೆಯನ್ನು ಹೆಮ್ಮೆಯಿಂದ ಮುಂದಿಟ್ಟರು. ಗುರುಬಾಯಿ ಅದನ್ನು ಪೂರ್ತಿ ಬಿಚ್ಚಿ ಹಾಸಿಬಿಟ್ಟರು.

"ಬುಟ್ಟಾ ಛಲೋ ಬಿದ್ದಾವ. ಇದ್ಯಾವ ಡಿಜೈನ್ರಿ ಬೀಗರ?"

ಯಜಮಾನರು ಮಾಳಿಗೆ ನೋಡಿದರು. "ಹೊಸಾದ್ರಿ. ಈಗ ಇದ ನಡದೈತಿ."

ಗುರುಬಾಯಿ ಒಂದು ಕಂದು ಕಲೆಯಿಂದ ಇನ್ನೊಂದಕ್ಕೆ ಗೇಣು ಹಾಕಿ ನೋಡಿದರು. "ಗೇಣಿಗೊಂದು. ಕಂಡಕಿ ಬದಲಿ ಮಾಡಿದಲ್ಲೆಲ್ಲಾ ಒಂದು. ನಾನೂ ರಬಕವಿ ನೇಕಾರ್ರ ಮನಿ ಮಗಳ ಅದೀನ್ರಿ." ಸೆರಗಿನ ಹತ್ತಿರ ಬಂದಾಗ ಅವರ ಕೈ ನಿಂತಿತು. "ಇಲ್ಲಿಂದ ಕಂದು ಹೋಗಿ ಕೆಂಪ ಬಂದೈತಲ್ರಿ."

ನಾನು ಬಗ್ಗಿ ನೋಡಿದೆ. ರಕ್ತ.

ಗುರುಬಾಯಿ ಚೀಲದಿಂದ ತಮ್ಮೂರ ಬೆಲ್ಲ ತೆಗೆದು, ನಿಂಬೆಕಾಯಿಯಷ್ಟು ಮುರಿದರು. "ಬಾಯಿ ತಗೀರಿ ಬೀಗರ, ಸಿಹಿ ಮಾಡೂಣು."

"ಆಮ್ಯಾಲ ತಿಂತೀನ್ರಿ."

"ಬೀಗಿತ್ತಿ ಕೈಲೆ ತಿನ್ನಾಕ ನಾಚಿಕಿ ಏನ್ರಿ?"

ಯಜಮಾನರು ಹೊರಗೆ ಹೋಗಿ ಉಗುಳಿ ಬಂದರು. ಬಾಯಿ ತೆರೆದರು, ಅಂದರೆ ತೆರೆದಷ್ಟು ತೆರೆದರು. ಬೆಲ್ಲ ಹಲ್ಲಿಗೆ ತಾಗಿ ನಿಂತಿತು. ಗುರುಬಾಯಿ ಒತ್ತಿದರು. ಅದು ಜಾರಿ ಇವರ ಧೋತರದ ಮೇಲೆ ಬಿತ್ತು. ಪ್ರತಿಮಾ ಗೋಡೆಯ ಕಡೆ ಮುಖ ತಿರುಗಿಸಿದಳು.

"ನಮ್ಮೂರ ಬೆಲ್ಲಕ್ಕ ಇಷ್ಟ ಅವಮಾನ ಯಾರೂ ಮಾಡಿದ್ದಿಲ್ಲ," ಎಂದರು ಗುರುಬಾಯಿ. "ತಾರೀಖ ಇವತ್ತ ಹೇಳೂದಿಲ್ರಿ. ಡಾಕ್ಟರ್ ಚೀಟಿ ತೋರ್ಸಿದ ದಿನ ಹೇಳ್ತೀನಿ."

"ಒಂದ ಸೀರಿ ಸಲುವಾಗಿ ಸಂಬಂಧ ಮುರೀತೀರೇನ್ರಿ?" ಎಂದರು ಯಜಮಾನರು.

"ಸಂಬಂಧ ಗಟ್ಟಿ ಐತಿ. ಧಾರಿ ಎರಿಯಾಕ ನನಗ ಹುಡುಗಿ ಅಪ್ಪ ಬೇಕು, ಅಪ್ಪನ ಪೋಟೋ ಅಲ್ಲ."

ಆರು ತಿಂಗಳ ನನ್ನ ಬೇಡಿಕೆ ಮಾಡದ್ದನ್ನು ಒಂದು ಬೆಲ್ಲದ ಚೂರು ಮಾಡಿತು. ಮರುದಿನವೇ ಮೂವರೂ ಜಮಖಂಡಿಗೆ ಹೋದೆವು. ಡಾಕ್ಟರು ಎರಡು ಬೆರಳು ಹಾಕಲು ನೋಡಿದರು, ಒಂದೇ ಹೋಯಿತು. ಕೆನ್ನೆಯ ಒಳಗೆ ಬಿಳಿ ಮಚ್ಚೆಯಿತ್ತು. ಅಕ್ಕಿಕಾಳಿನಷ್ಟು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಎಂಟು ದಿನ ಕಾಯಬೇಕು, ತಂಬಾಕು ಇಂದಿನಿಂದಲೇ ನಿಲ್ಲಬೇಕು ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡು ಇವರು ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದರು. ಮದುವೆಯಾದ ಮೇಲೆ ಅವರ ಮುಖವನ್ನು ಅಷ್ಟು ಹೊತ್ತು ನೇರವಾಗಿ ನಾನು ನೋಡಿದ್ದು ಅಂದೇ.

ಈಗ ಇನ್ನೊಂದು ಬಿಳಿ ಸೀರೆ ಮಗ್ಗದ ಮೇಲಿದೆ. ಹೊಲಿಗೆ ಬಿದ್ದ ಬಾಯಿಯನ್ನು ಲಾಳಿಗೆ ಹಚ್ಚುವಂತಿಲ್ಲ. ಪ್ರತಿಮಾ ಪೇಟೆಯಿಂದ ತುದಿ ಬಾಗಿದ ಒಂದು ಸಣ್ಣ ತಂತಿ ತಂದುಕೊಟ್ಟಳು. ತೂತಿನಲ್ಲಿ ಹಾಕಿ ಎಳೆದರೆ ನೂಲು ಒಂದೇ ಸಲಕ್ಕೆ ಬಂತು.

"ಇಷ್ಟ ವರ್ಷ ಇದನ್ಯಾಕ ತರಲಿಲ್ಲ ಯಪ್ಪಾ?"

"ಯಾರೂ ತರ್ತಿದ್ದಿಲ್ಲ," ಎಂದರು, ಹಲ್ಲುಗಳ ನಡುವಿನಿಂದ.

ಹಳೆಯ ಸೀರೆಯನ್ನು ನಾನು ತಣ್ಣೀರಿನಲ್ಲಿ ನೆನೆಹಾಕಿದ್ದೆ. ಡಾಕ್ಟರು ಹೇಳಿದ ಎಂಟು ದಿನಗಳಲ್ಲಿ ಇಂದು ಏಳನೆಯದು. ಹಿತ್ತಲಲ್ಲಿ ಅದನ್ನು ತಿಕ್ಕುತ್ತಿದ್ದಾಗ ಇವರು ಮಗ್ಗ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತರು.

"ಹೋತೇನ?"

"ರಕ್ತ ಹೋತ್ರಿ. ತಂಬಾಕ ಹೋಗವಲ್ದು."

ಅವರ ಕೈ ರೂಢಿಯಂತೆ ಅಂಗಿಯ ಜೇಬಿಗೆ ಹೋಯಿತು. ಅಲ್ಲಿ ತಂತಿ ಇತ್ತು. ಅದನ್ನೇ ತೆಗೆದುಕೊಂಡು ಮಗ್ಗಕ್ಕೆ ಹೋದರು.